ಪರದೇಶದಲ್ಲಿ ಊರಿನ ಸಿಮ್

ಮಳೆಯನ್ನೇ ಬಹುವಾಗಿ ನೆಚ್ಚಿಕೊಂಡ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಕ್ಕಳು ವಿದ್ಯೆಯನ್ನೂ ಉದ್ಯೋಗವನ್ನೂ ಅರಸಿ ಮೊದಲು ಬೆಂಗಳೂರಿಗೆ, ಅಲ್ಲಿಂದ ಕೊಲ್ಲಿ ರಾಷ್ಟ್ರಗಳಿಗೋ ಅಮೆರಿಕಾ ಆಸ್ಟ್ರೇಲಿಯಾಗಳಿಗೋ ಹೋಗುವುದು ಈಗ ಅಪೂರ್ವವಾದ ಸಂಗತಿಯಲ್ಲ. ಅವರ ಹಿಂದೆಯೇ, ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಮುಖ ನೋಡಬೇಕೆಂದೋ, ಅದುವರೆಗೆ ಹೊಸಪೇಟೆ ದಾವಣಗೆರೆಗಳಿಂದಾಚೆಗೆ ಒಂಟಿಯಾಗಿ ಪ್ರಯಾಣ ಮಾಡಿ ಅರಿಯದ ತಾಯಿತಂದೆಗಳೂ ದೇವನಹಳ್ಳಿಯ ನಿಲ್ದಾಣದಲ್ಲಿ ವಿಮಾನವನ್ನೇರುತ್ತಾರೆ. ಇಂಗ್ಲಿಷು ಬಾರದ ಆ ಹಿರಿಯರಿಗೆ ನಡುದಾರಿಯ ದುಬೈ ಅಥವಾ ಫ್ರಾಂಕ್‌ಫರ್ಟಿನಲ್ಲಿ ಮೊಬೈಲು ಮೂಕವಾಯಿತೆಂದರೆ ಒದಗುವ ಕಳವಳ ಅಲ್ಪವಾದುದಲ್ಲ; ಹಾಗೆಯೇ, ಅರಿಯದೆ ಬಳಸಿದ ಡೇಟಾದಿಂದ ಸಾವಿರಾರು ರೂಪಾಯಿ ಕರಗಿಹೋಗುವ ನಷ್ಟವೂ ಅಲ್ಪವಲ್ಲ. ಇವೆರಡನ್ನೂ ತಪ್ಪಿಸಿಕೊಳ್ಳಬೇಕಾದರೆ ಸಿಮ್ ಎಂಬ ಆ ಕಿರುಬಿಲ್ಲೆ ಪರದೇಶದಲ್ಲಿ ಏನು ಮಾಡುತ್ತದೆಂಬುದನ್ನು ಒಮ್ಮೆ ಸಾವಧಾನವಾಗಿ ತಿಳಿದುಕೊಳ್ಳಬೇಕು.

ನಮ್ಮ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯಲ್ಲದೆ, ಸಿಮ್ಮಿನ ಒಡಲಲ್ಲಿ 15 ಅಂಕಿಗಳ ಬೇರೊಂದು ಗುರುತಿನ ಸಂಖ್ಯೆ ಅಡಗಿರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ; ಭಾರತಕ್ಕೆ 404 ಮತ್ತು 405. ಅನಂತರದ ಅಂಕಿಗಳು ಕಂಪನಿಯನ್ನೂ ವೃತ್ತವನ್ನೂ ಹೇಳುತ್ತವೆ. 404ರ ಮುಂದೆ 71 ಇದ್ದರೆ ಅದು ಬಿಎಸ್ಸೆನ್ನೆಲ್ಲಿನ ಕರ್ನಾಟಕ ವೃತ್ತದ ಸಿಮ್. ವಿಮಾನದಿಂದಿಳಿದು ಫ್ಲೈಟ್ ಮೋಡ್ ತೆಗೆದೊಡನೆ ಅಲ್ಲಿನ ಟವರು ಈ ಅಂಕಿಗಳನ್ನು ಓದಿ, ಕೊಟ್ಟೂರಿನ ತೇರಿಗೆ ಬಂದ ಅಪರಿಚಿತ ವ್ಯಾಪಾರಿಗೆ ಸರಕನ್ನು ಉದ್ದರಿ ಕೊಡುವ ಮುನ್ನ ಅವನ ಊರಿನ ಸಾಹುಕಾರರಲ್ಲಿ ವಿಚಾರಿಸಿಕೊಳ್ಳುವಂತೆ, ಸಾವಿರಾರು ಮೈಲಿಗಳಾಚೆಯ ನಮ್ಮ ಕಂಪನಿಯನ್ನು ಪ್ರಶ್ನಿಸುತ್ತದೆ: ಇವರು ನಿಮ್ಮವರೇ? ಇವರ ಲೆಕ್ಕವನ್ನು ನೀವು ತೀರಿಸುವಿರೇ?

ಇಲ್ಲಿ ನಡೆಯುವ ಪರೀಕ್ಷೆ ನಿಜಕ್ಕೂ ಮನೋಹರವಾದುದು. ಪ್ರತಿಯೊಂದು ಸಿಮ್ಮಿನೊಳಗೂ 128 ಬಿಟ್‌ಗಳ ಒಂದು ರಹಸ್ಯ ಕೀಲಿಯುಂಟು. ಅದರ ಪ್ರತಿ ನಮ್ಮ ಕಂಪನಿಯ ಭದ್ರ ಕೇಂದ್ರದಲ್ಲಲ್ಲದೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಇರತಕ್ಕುದಲ್ಲ. ಕಂಪನಿಯು ಯಾದೃಚ್ಛಿಕವಾದ ಒಂದು ಸಂಖ್ಯೆಯನ್ನೂ, ಆ ಸಂಖ್ಯೆಯನ್ನು ಕೀಲಿಯೊಡನೆ ಬೆರೆಸಿ ಗಣಿಸಿದಾಗ ಬರಬೇಕಾದ ಉತ್ತರವನ್ನೂ ಪರದೇಶದ ಜಾಲಕ್ಕೆ ಕಳುಹಿಸುತ್ತದೆ. ಜಾಲವು ಸಂಖ್ಯೆಯನ್ನು ಮಾತ್ರ ಮೊಬೈಲಿಗೆ ಒಪ್ಪಿಸುತ್ತದೆ. ಸಿಮ್ ತನ್ನೊಳಗೇ ಲೆಕ್ಕ ಮಾಡಿ ಉತ್ತರಿಸುತ್ತದೆ. ಉತ್ತರಗಳೆರಡೂ ತಾಳೆಯಾದರೆ ಪ್ರವೇಶ ದೊರೆಯುತ್ತದೆ. ರಹಸ್ಯವನ್ನು ನುಡಿಯದೆಯೇ ರಹಸ್ಯವು ತನಗೆ ತಿಳಿದಿದೆಯೆಂದು ಸಿದ್ಧಪಡಿಸುವ ಈ ಉಪಾಯದಲ್ಲಿ ಕೀಲಿಯು ಒಮ್ಮೆಯೂ ಗಾಳಿಯಲ್ಲಿ ಸಂಚರಿಸುವುದಿಲ್ಲ, ಪರರ ಕೈಗೂ ಸಿಕ್ಕುವುದಿಲ್ಲ. ಈ ರೋಮಿಂಗ್ ವ್ಯವಸ್ಥೆಗೆ ಕಂಪನಿ ಕಂಪನಿಗಳ ನಡುವೆ ಒಪ್ಪಂದವಿರಬೇಕು. ಇಂತಹ ಮೊದಲನೆಯ ಅಂತರರಾಷ್ಟ್ರೀಯ ಒಪ್ಪಂದವು ಟೆಲಿಕಾಂ ಫಿನ್‌ಲೆಂಡ್ ಮತ್ತು ಬ್ರಿಟನ್ನಿನ ವೊಡಾಫೋನ್‌ಗಳ ನಡುವೆ 1992ರಲ್ಲಿ ಆಯಿತು.

ಜಾಮೀನು ದೊರೆತ ಮೇಲೆ ಡೇಟಾ ಹರಿಯತೊಡಗುತ್ತದೆ, ಆದರೆ ನೇರವಾಗಿ ಅಲ್ಲ. ಸಾಮಾನ್ಯವಾಗಿ ರೋಮಿಂಗಿನಲ್ಲಿರುವ ಮೊಬೈಲಿನ ಪ್ರತಿಯೊಂದು ಕೋರಿಕೆಯೂ ಮೊದಲು ಭಾರತದಲ್ಲಿರುವ ನಮ್ಮ ಕಂಪನಿಯ ಗೇಟ್‌ವೇಗೆ ಬಂದು, ಅಲ್ಲಿಂದ ಇಂಟರ್‌ನೆಟ್ಟನ್ನು ಹೊಕ್ಕು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹಡಗಲಿಯಿಂದ ಹೋದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕುಳಿತು ಅದೇ ನಗರದ ಬಸ್ಸಿನ ವೇಳೆಯನ್ನು ಹುಡುಕಿದರೂ ಆ ಪ್ರಶ್ನೆ ಕಡಲಾಳದ ಕೇಬಲ್ಲುಗಳಲ್ಲಿ ಭಾರತಕ್ಕೆ ಬಂದು, ಮತ್ತೆ ಅಮೆರಿಕೆಗೆ ಹೋಗಿ, ಉತ್ತರವೂ ಅದೇ ಸುತ್ತನ್ನು ಬಳಸಿ ಬರಬೇಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ಎರಡು ನಾಡುಗಳ ನಡುವಣ ಅಂತರವನ್ನು 14 ಸಾವಿರ ಕಿಲೋಮೀಟರೆಂದು ಹಿಡಿದರೆ, ನಾಲ್ಕು ಬಾರಿಯ ಸಂಚಾರಕ್ಕೆ ಕಡಿಮೆಯೆಂದರೂ ಸೆಕೆಂಡಿನ ಕಾಲುಭಾಗಕ್ಕಿಂತ ಹೆಚ್ಚು ಬೇಕು. ವಿಳಂಬಕ್ಕೂ ದುಬಾರಿಗೂ ಈ ಬಳಸುದಾರಿಯೂ ಒಂದು ಕಾರಣ.

ಹಾಗಾದರೆ ಊರಿನ ಸಿಮ್ಮನ್ನು ತೆಗೆದು ಮನೆಯಲ್ಲಿಟ್ಟು ಹೋಗುವುದೇ ಲೇಸೆಂದು ಯಾರಾದರೂ ಭಾವಿಸಿದರೆ ಅದು ದೊಡ್ಡ ಪ್ರಮಾದ. ಬ್ಯಾಂಕಿನ ಓಟಿಪಿ ಬರುವುದು ಆ ಸಂಖ್ಯೆಗೇ. ಎಸ್ಸೆಮ್ಮೆಸ್ಸು ಇಂಟರ್‌ನೆಟ್ ಡೇಟಾ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅದು ಜಾಲಗಳು ತಮ್ಮತಮ್ಮೊಳಗೆ ಸಂಕೇತಗಳನ್ನು ವಿನಿಮಯಿಸಿಕೊಳ್ಳುವ ಪ್ರತ್ಯೇಕವಾದ ಮಾರ್ಗದಲ್ಲಿ ಬರುತ್ತದೆ. ಆದಕಾರಣ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಮಾಡಿಸಿಕೊಂಡು, ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಡೇಟಾ ರೋಮಿಂಗನ್ನು ಮಾತ್ರ ಆಫ್ ಮಾಡಿಟ್ಟರೆ ಓಟಿಪಿ ಬರುತ್ತಲೇ ಇರುತ್ತದೆ, ಡೇಟಾ ಮಾತ್ರ ಸೋರುವುದಿಲ್ಲ. ಆರು ತಿಂಗಳು ತಂಗುವವರು ರೀಚಾರ್ಜನ್ನು ಮರೆಯಕೂಡದು. ಪ್ರೀಪೇಯ್ಡ್ ಸಂಖ್ಯೆ 90 ದಿನಗಳ ಕಾಲ ಬಳಕೆಯಿಲ್ಲದೆ ಬಿದ್ದಿದ್ದರೆ ಅದನ್ನು ರದ್ದುಪಡಿಸುವುದಕ್ಕೆ ಕಂಪನಿಗೆ ಅವಕಾಶವುಂಟು.

ಡೇಟಾಕ್ಕೆ ಎರಡನೆಯ ಸಿಮ್ ಇರಬೇಕು ಎಂಬುದೇ ನನ್ನ ಖಚಿತವಾದ ಅಭಿಪ್ರಾಯ. ಬಿಲ್ಲೆಯ ಗೊಡವೆಯಿಲ್ಲದ ಇ-ಸಿಮ್ ಇದನ್ನು ಸುಲಭಗೊಳಿಸಿದೆ: ಹಿಂದೆ ಬಿಲ್ಲೆಯಲ್ಲಿದ್ದ ಗುರುತೂ ಕೀಲಿಯೂ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದೊಡನೆ ಮೊಬೈಲಿನೊಳಗಿನ ಭದ್ರವಾದ ಚಿಪ್ಪಿಗೆ ಬಂದಿಳಿಯುತ್ತವೆ. ಆದರೆ ಅವು ಇಳಿಯುವುದಕ್ಕೂ ಇಂಟರ್‌ನೆಟ್ ಬೇಕಾದ್ದರಿಂದ ಈ ಕಾರ್ಯವನ್ನು ಊರು ಬಿಡುವ ಮುನ್ನವೇ ಮುಗಿಸಬೇಕು. ಪ್ರವಾಸಿಗಳಿಗೆಂದು ಮಾರುವ ಅನೇಕ ಇ-ಸಿಮ್‌ಗಳು ಮೂರನೆಯ ದೇಶವೊಂದರ ಸಿಮ್‌ಗಳಾಗಿದ್ದು ತಾವೂ ರೋಮಿಂಗಿನಲ್ಲಿಯೇ ಇರುತ್ತವೆ. ಹತ್ತು ದಿನದ ಪ್ರವಾಸಕ್ಕೆ ಅವು ಸಾಕು, ಆರು ತಿಂಗಳ ಬಾಣಂತನಕ್ಕೆ ಆ ನಾಡಿನ ಕಂಪನಿಯ ಸಿಮ್ಮೇ ಉತ್ತಮ.

ಇನ್ನು ಮೊಬೈಲ್ ಸೆಟ್ಟಿನ ವಿಚಾರ. ನಮ್ಮ ಕಡೆಯ ಎಷ್ಟೋ ಹಿರಿಯರ ಕೈಯಲ್ಲಿ ಇಂದಿಗೂ 2ಜಿಯ ಬಟನ್ ಸೆಟ್ಟುಗಳಿವೆ. ಸಿಂಗಪುರವು 2ಜಿ ಸೇವೆಯನ್ನು 2017ರಲ್ಲಿ ಮುಚ್ಚಿತು. ಆಸ್ಟ್ರೇಲಿಯಾದಲ್ಲಿ 2024ರ ವೇಳೆಗೆ 3ಜಿಯೂ ಮುಗಿಯಿತು. ಅಲ್ಲೆಲ್ಲ ಆ ಸೆಟ್ಟು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನಿರುಪಯುಕ್ತ. ಕೊಲ್ಲಿಗೆ ದುಡಿಯಹೋಗುವವರ ಮನೆಯವರಿಗೆ ಇನ್ನೊಂದು ಮಾತು: ಸಂಯುಕ್ತ ಅರಬ್ ಸಂಸ್ಥಾನದ ಸ್ಥಳೀಯ ಜಾಲಗಳಲ್ಲಿ ವಾಟ್ಸಾಪಿನ ಸಂದೇಶಗಳು ಹೋಗುತ್ತವೆಯಾದರೂ ಕರೆಗಳಿಗೆ ನಿರ್ಬಂಧವಿದೆ, ಬೊಟಿಮ್‌ನಂತಹ ಅನುಮತಿ ಪಡೆದ ಆ್ಯಪನ್ನು ಮನೆಯವರ ಮೊಬೈಲಿನಲ್ಲಿಯೂ ಮೊದಲೇ ಹಾಕಿಟ್ಟಿರಬೇಕು. ದಾರಿ ತೋರುವ ಜಿಪಿಎಸ್ಸಿಗೆ ಮಾತ್ರ ಇಂಟರ್‌ನೆಟ್ಟಿನ ಹಂಗಿಲ್ಲ, ಅದು ಉಪಗ್ರಹಗಳ ಸಂಕೇತವನ್ನು ನೇರವಾಗಿ ಆಲಿಸುತ್ತದೆ. ಊರಿನಲ್ಲಿದ್ದಾಗಲೇ ನಕ್ಷೆಯನ್ನು ಇಳಿಸಿಕೊಂಡಿದ್ದರೆ ಸಿಗ್ನಲ್ಲಿಲ್ಲದ ಬೀದಿಯಲ್ಲಿಯೂ ತಾವು ನಿಂತ ಸ್ಥಳ ತಿಳಿಯುತ್ತದೆ.

ವಿದೇಶದಲ್ಲಿ ನೆಲೆಸಿರುವ ಮಕ್ಕಳಲ್ಲಿ ನನ್ನದೊಂದು ಬಿನ್ನಹ. ಅಪ್ಪ ಅಮ್ಮನಿಗೆ ಟಿಕೆಟು ಕಳುಹಿಸುವಾಗಲೇ ಇ-ಸಿಮ್ಮಿನ ಕೋಡನ್ನೂ ಕಳುಹಿಸಿ, ವಿಡಿಯೋ ಕರೆ ಮಾಡಿ ಅದನ್ನು ಅವರ ಕೈಯಿಂದಲೇ ಹಾಕಿಸಿ, ಯಾವ ಸಿಮ್ ಡೇಟಾಕ್ಕೆ, ಯಾವುದು ಓಟಿಪಿಗೆ ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಿಸಿ ಪಾಸ್‌ಪೋರ್ಟಿನೊಳಗೆ ಇಡಿಸಿರಿ.