‘ಇನ್‌ಫ್ಲೇಮಬಲ್’ ಎಂಬ ಶಬ್ದದ ಅರ್ಥವಿಚಾರ

ಪೆಟ್ರೋಲಿನ ಟ್ಯಾಂಕರು ಲಾರಿಗಳ ಹಿಂಭಾಗದಲ್ಲಿಯೂ, ಕೆಲವು ದ್ರವರೂಪದ ಕೀಟನಾಶಕಗಳ ಡಬ್ಬಿಗಳ ಮೇಲೆಯೂ ‘ಇನ್‌ಫ್ಲೇಮಬಲ್’ ಎಂಬ ಇಂಗ್ಲಿಷ್ ಶಬ್ದವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಕಂಡಿರಬಹುದು. ಸುಲಭವಾಗಿ ಬೆಂಕಿ ಹೊತ್ತಿಕೊಳ್ಳತಕ್ಕದ್ದು ಎಂಬುದೇ ಇದರ ಅರ್ಥವು. ಇದಕ್ಕೆ ವಿಪರೀತವಾದ ಅರ್ಥವನ್ನು ಕಲ್ಪಿಸಿಕೊಂಡವರು ಉಂಟಾದ್ದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ನಾನು ಒಂದು ಗ್ರಾಮಕ್ಕೆ ತನಿಖೆಗಾಗಿ ಹೋಗಿದ್ದಾಗ, ಅನುಕೂಲಸ್ಥರಾದ ಜಮೀನುದಾರರೊಬ್ಬರ ಕೊಟ್ಟಿಗೆಯಲ್ಲಿ ಅಂಥ ಔಷಧದ ನಾಲ್ಕು ಡಬ್ಬಿಗಳನ್ನು ಹುಲ್ಲಿನ ಮೆದೆಗೆ ಒರಗಿಸಿ ಇಟ್ಟಿದ್ದರು. ಮೂರು ಮಾರು ದೂರದಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಕೇಳಲಾಗಿ, “ಚಿಂತೆಯಿಲ್ಲ ಸ್ವಾಮಿ, ಬೆಂಕಿ ಹತ್ತದ ಔಷಧವೆಂದು ಡಬ್ಬಿಯ ಮೇಲೆಯೇ ಬರೆದಿದೆ, ನಮ್ಮ ಹುಡುಗ ಓದಿ ಹೇಳಿದ” ಎಂದರು. ಹುಡುಗನು ಓದಿದ್ದು ಸರಿಯಾಗಿಯೇ. ಅರ್ಥಮಾಡಿದ್ದು ಮಾತ್ರ ತಲೆಕೆಳಗಾಗಿ. ಡಬ್ಬಿಗಳನ್ನು ನನ್ನೆದುರಿಗೇ ಬೇರೆಡೆಗೆ ಸಾಗಿಸಿದರು.

ಆ ಹುಡುಗನನ್ನು ಹಳಿಯುವಂತಿಲ್ಲ. ‘ಕಂಪ್ಲೀಟ್’ ಎಂದರೆ ಪೂರ್ಣ, ‘ಇನ್‌ಕಂಪ್ಲೀಟ್’ ಎಂದರೆ ಅಪೂರ್ಣ. ಈ ನ್ಯಾಯವನ್ನೇ ಅವನು ಇಲ್ಲಿಗೂ ಅನ್ವಯಿಸಿದನು. ಆದರೆ ಲ್ಯಾಟಿನ್ ಭಾಷೆಯಿಂದ ಬಂದ ‘ಇನ್’ ಎಂಬ ಉಪಸರ್ಗವು ಎರಡು ಬಗೆಯದು. ಒಂದು ನಿಷೇಧಾರ್ಥಕ, ಮತ್ತೊಂದಕ್ಕೆ ‘ಒಳಗೆ’ ಎಂಬ ಅರ್ಥವು. ಇಲ್ಲಿರುವುದು ಎರಡನೆಯದು: ‘ಇನ್‌ಫ್ಲೇಮ್’ ಎಂದರೆ ಉರಿ ಹತ್ತಿಸು. ದನದ ಕೆಚ್ಚಲು ಬಾತುಕೊಂಡಾಗ ಪಶುವೈದ್ಯರು ‘ಇನ್‌ಫ್ಲಮೇಷನ್’ ಎನ್ನುವುದೂ ಇದೇ ಧಾತುವಿನಿಂದ. ಅದನ್ನು ಉರಿಯಿಲ್ಲದಿರುವಿಕೆಯೆಂದು ಯಾರೂ ತಿಳಿಯರು. ನಮ್ಮಲ್ಲಿಯೂ ‘ಅನುತ್ತಮ’ವೆಂದರೆ ಉತ್ತಮವಲ್ಲದ್ದೆಂದು ಭ್ರಮಿಸುವವರಿದ್ದಾರೆ, ಅದಕ್ಕಿಂತ ಉತ್ತಮವಾದುದು ಬೇರೊಂದಿಲ್ಲವೆಂಬುದು ಅದರ ಅರ್ಥವಷ್ಟೆ.

ಇಂಗ್ಲಿಷರೇ ಈ ಶಬ್ದದಿಂದ ಮೋಸಹೋಗುತ್ತಾರೆಂಬುದನ್ನು ಕಂಡು, ಅಮೆರಿಕೆಯ ಅಗ್ನಿನಿವಾರಣಾ ಸಂಘವು 1920ರ ದಶಕದಲ್ಲಿ ‘ಫ್ಲೇಮಬಲ್’ ಎಂಬ ರೂಪವನ್ನೇ ಬಳಸಬೇಕೆಂದು ಪ್ರೇರೇಪಿಸಿತು. ಬ್ರಿಟಿಷ್ ಪ್ರಮಾಣಸಂಸ್ಥೆಯೂ 1959ರಲ್ಲಿ ಹಾಗೆಯೇ ಸಲಹೆಯಿತ್ತಿತು. ಆದಕಾರಣ ಎರಡು ಶಬ್ದಗಳಿಗೂ ಅರ್ಥವೊಂದೇ. ಬೆಂಕಿ ಹತ್ತದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎಂದು ಬರೆಯುತ್ತಾರೆ. ‘ನಾನ್’ ಎಂಬುದು ಕಾಣದ ಹೊರತು ಹತ್ತುವುದೆಂದೇ ಭಾವಿಸತಕ್ಕದ್ದು.

ಎಲ್ಲವೂ ಒಂದೇ ಸಮನಾಗಿ ಹತ್ತುವುದಿಲ್ಲ. ಕಿಡಿ ಸೋಕಿದೊಡನೆ ಹತ್ತುವಷ್ಟು ಆವಿಯನ್ನು ದ್ರವವು ಎಷ್ಟು ಉಷ್ಣದಲ್ಲಿ ಬಿಡುವುದೆಂಬುದರ ಮೇಲೆ 1934ರ ಪೆಟ್ರೋಲಿಯಂ ಕಾಯಿದೆಯು ತೈಲಗಳನ್ನು ವಿಂಗಡಿಸುತ್ತದೆ. ಆ ಉಷ್ಣವು 23 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯಿದ್ದರೆ ‘ಎ’ ವರ್ಗ. ಪೆಟ್ರೋಲು ಇದಕ್ಕೆ ಸೇರಿದ್ದು. ಸೀಮೆಎಣ್ಣೆ, ಡೀಸೆಲ್‌ಗಳು ‘ಬಿ’ ವರ್ಗದವು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲುದು. ನೀರಿನಲ್ಲಿ ಬೆರೆಸಿದರೆ ಹಾಲಿನಂತಾಗುವ ಕೀಟನಾಶಕಗಳಲ್ಲಿ ಅನೇಕವನ್ನು ಕ್ಸೈಲೀನ್ ಮೊದಲಾದ ಉರಿಯುವ ದ್ರಾವಕಗಳಲ್ಲಿ ಕರಗಿಸಿರುತ್ತಾರೆ.

ಡಬ್ಬಿಯ ಚೀಟಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯನ್ನು ಮಾತ್ರ ತಿಳಿಸತಕ್ಕವು, ಬೆಂಕಿಯ ಭಯವನ್ನಲ್ಲ. ಹಸಿರು ಗುರುತಿನ ಡಬ್ಬಿಯನ್ನೂ ಈ ಶಬ್ದವಿದ್ದಲ್ಲಿ ಒಲೆ, ದೀಪ, ಬೀಡಿಗಳಿಂದಲೂ ಮೇವಿನಿಂದಲೂ ದೂರವಾಗಿ, ಬೀಗವಿರುವ ಬೇರೆ ಕೋಣೆಯಲ್ಲಿಡಿಸಬೇಕಾಗಿ ಮುಖಂಡರಲ್ಲಿ ವಿಜ್ಞಾಪನೆ.