ಸೋಸಿದ ನೀರು, ಉಳಿದ ಜೀವ

ನೀರನ್ನು ಸೋಸಿಯೇ ಕುಡಿಯಬೇಕೆಂಬುದು ಜೈನ ಶ್ರಾವಕರ ಪ್ರಾಚೀನ ನಿಯಮ. ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮೆಲ್ಲನೆ ಮರಳಿಸಬೇಕು. ಸೋಸಿದ ನೀರಿಗೂ 48 ನಿಮಿಷಗಳ ಅವಧಿ. ಅನಂತರ ಮತ್ತೆ ಸೋಸಬೇಕು.

ಇಂಥದೇ ಸರಳ ಕ್ರಮವನ್ನು ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸಿದಲ್ಲಿ ಕಾಲರಾ ಶೇ 48ರಷ್ಟು ತಗ್ಗಿತ್ತು. ರೋಗಾಣುಗಳು ಅಂಟಿಕೊಂಡಿದ್ದ ಸಣ್ಣ ಜಲಚರಗಳು ಬಟ್ಟೆಯಲ್ಲೇ ಉಳಿಯುತ್ತಿದ್ದವು. ಐದು ವರ್ಷಗಳ ಬಳಿಕ ವಿಚಾರಿಸಿದಾಗ, ಸೋಸುವುದನ್ನು ಮುಂದುವರಿಸಿದ್ದ ಗೃಹಿಣಿಯರು ಶೇ 31 ಮಾತ್ರ.

ಆರೋಗ್ಯದ ಉಪದೇಶ ಕಾಲಕ್ರಮದಲ್ಲಿ ಮಾಸಬಹುದು. ವ್ರತವಾಗಿ ಬಂದದ್ದು ತಲೆಮಾರುಗಳನ್ನು ದಾಟುತ್ತದೆ. ಶ್ರಾವಕನು ನೀರು ಸೋಸುವುದು ಮೊದಲು ಪರಜೀವದ ರಕ್ಷಣೆಗಾಗಿ. ತನ್ನ ಆರೋಗ್ಯ ಅದರ ಉಪಫಲ. ಬಟ್ಟೆಯೊಂದೇ ಎಲ್ಲ ರೋಗಾಣುಗಳನ್ನು ತಡೆಯಲಾರದು. ಆದುದರಿಂದ ಸೋಸಿದ ನೀರನ್ನು ಕುದಿಸಿ ಕುಡಿಯುವುದು ಕ್ಷೇಮ, ಧರ್ಮಸಮ್ಮತವೂ ಹೌದು. ಮನೆಗೆ ನಲ್ಲಿ ಬಂದಿತೆಂದು ಸೋಸುವ ಬಟ್ಟೆಯನ್ನು ಮೂಲೆಗಿಟ್ಟರೆ, ಪ್ರತಿ ಗುಟುಕಿಗೂ ಮುನ್ನ ಕಿರಿಯ ಜೀವವೊಂದನ್ನು ಸ್ಮರಿಸುವ ಅಭ್ಯಾಸವೂ ಮೂಲೆಗೆ ಸೇರುತ್ತದೆ. ಮಕ್ಕಳಿಗೆ ಆ ಬಟ್ಟೆಯ ಅರ್ಥವನ್ನು ತಿಳಿಸುವುದು ಹಿರಿಯರ ಕರ್ತವ್ಯ.