ಲಿಫ್ಟಿಗಿಂತ ಉದ್ದವಾದ ಚೈನು

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರಿಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಕ್ಕಿತು. ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ಮಾತ್ರ ತಲಾ 111 ರೂಪಾಯಿಯಂತೆ 444 ರೂಪಾಯಿ ಬಿತ್ತು. ಟಿಕೆಟಿನ ಚಿತ್ರ ರಾಜ್ಯವೆಲ್ಲ ಓಡಾಡಿತು. ಕಂಡಕ್ಟರ್ ಮಾಡಿದ್ದು ನಿಯಮದಂತೆಯೇ: ಸಾಕುಪ್ರಾಣಿಗೆ ಅರ್ಧ ಟಿಕೆಟ್, ಅಂದರೆ ಮಕ್ಕಳ ದರ. ನಾಯಿಗೂ ಅದೇ. 2022ರ ಕೊನೆಯವರೆಗೆ ನಾಯಿಗೆ ದೊಡ್ಡವರ ಪೂರ್ತಿ ಟಿಕೆಟ್ ಇತ್ತು, ಆಮೇಲೆ ಅದನ್ನು ಅರ್ಧಕ್ಕೆ ಇಳಿಸಿದರು.

ರೈಲಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಎಸಿ ಫಸ್ಟ್ ಕ್ಲಾಸಿನ 2 ಬರ್ತಿನ ಕೂಪೆಯನ್ನೋ 4 ಬರ್ತಿನ ಕ್ಯಾಬಿನ್ನನ್ನೋ ಇಡಿಯಾಗಿ ಹಿಡಿದರೆ ಮಾತ್ರ ನಾಯಿ ಜೊತೆಗಿರಬಹುದು. ಇಲ್ಲವಾದರೆ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಸ್ಲೀಪರ್‌ನಲ್ಲಿ ಕದ್ದು ಕೂರಿಸಿಕೊಂಡು ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ದಂಡ. ನಮ್ಮ ಮೆಟ್ರೋಗೆ ನಾಯಿ ಬರುವ ಹಾಗೇ ಇಲ್ಲ. ಬಸ್ಸಿನಲ್ಲಿ ಮಗು, ರೈಲಿನಲ್ಲಿ ಲಗೇಜು, ಮೆಟ್ರೋದಲ್ಲಿ ನಿಷಿದ್ಧ: ಒಂದೇ ಪ್ರಾಣಿಗೆ ಒಂದೇ ಊರಿನಲ್ಲಿ ಮೂರು ಲೆಕ್ಕ.

ಮನೆಯೊಳಗೆ ನಾಯಿಯನ್ನು ಮಗುವಿನಂತೆ ಸಾಕುವುದರಲ್ಲಿ ಯಾರಿಗೂ ತಕರಾರಿಲ್ಲ, ಇರಬಾರದು ಕೂಡ. ಆ ಪ್ರೀತಿ ನಿಜವಾದದ್ದು. ಅದೇ ನಾಯಿ ಲಿಫ್ಟಿಗೆ, ಪಾರ್ಕಿಗೆ, ಹೋಟೆಲಿಗೆ ಮಗುವಿನ ಹಕ್ಕಿನ ಮೇಲೆ ಬಂದಾಗ ಜಗಳ ಶುರುವಾಗುತ್ತದೆ. ‘ಇವನು ನಮ್ಮ ಮಗ, ಏನೂ ಮಾಡಲ್ಲ ಬನ್ನಿ ಆಂಟಿ’ ಎನ್ನುವವರು ಒಂದು ಕಡೆ, ‘ನಾಯಿ ಇರೋವರೆಗೂ ನಾನು ಹತ್ತಲ್ಲ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ನಾಯಿಯ ಅಳತೆ ತೆಗೆದುಕೊಂಡವರಲ್ಲ. ಅಳತೆ ತೆಗೆದು ನೋಡಿದರೆ ಈ ಜಗಳದ ಬಹುಪಾಲು ಕರಗುತ್ತದೆ ಎಂಬುದು ನನ್ನ ನಂಬಿಕೆ. ಹಂಚಿಕೊಂಡ ಜಾಗದಲ್ಲಿ ನಾಯಿಗೆ ಸಲ್ಲಬೇಕಾದದ್ದು ನಾಯಿಯ ಲೆಕ್ಕದ ಜಾಗ, ಮನುಷ್ಯರ ಲೆಕ್ಕದ್ದಲ್ಲ.

ಮೊದಲು ದೇಹದ ಲೆಕ್ಕ. ಪಶುವೈದ್ಯರು ನಾಯಿಯ ಆಹಾರ ಲೆಕ್ಕ ಹಾಕುವ ಸೂತ್ರದಂತೆ 30 ಕಿಲೋ ತೂಕದ, ಸಂತಾನಹರಣವಾದ ಲ್ಯಾಬ್ರಡಾರ್‌ಗೆ ದಿನಕ್ಕೆ ಸುಮಾರು 1,430 ಕಿಲೋಕ್ಯಾಲೊರಿ ಬೇಕು. ಕೂತು ಕೆಲಸ ಮಾಡುವ ಹೆಂಗಸಿಗೆ ಐಸಿಎಂಆರ್ ಹೇಳುವುದು 1,660. ಅಂದರೆ ಆ ನಾಯಿಯ ಊಟ ಮನೆಯ ಹೆಂಗಸಿನ ಊಟದ ಶೇ 86ರಷ್ಟು. 2025ರ ಜುಲೈನಲ್ಲಿ ಬಿಬಿಎಂಪಿ 5,000 ಬೀದಿನಾಯಿಗಳಿಗೆ ಚಿಕನ್ ರೈಸ್ ಕೊಡಲು ಟೆಂಡರ್ ಕರೆದಾಗ ನಾಯಿಯೊಂದಕ್ಕೆ 367 ಗ್ರಾಂ ಊಟ, 750 ಕಿಲೋಕ್ಯಾಲೊರಿ, 22 ರೂಪಾಯಿ 42 ಪೈಸೆ ಎಂದು ಬರೆದಿತ್ತು. ಅದೇ ದರದಲ್ಲಿ ಲ್ಯಾಬ್ರಡಾರ್‌ನ ಹೊಟ್ಟೆ ತುಂಬಿಸಲು ದಿನಕ್ಕೆ 43 ರೂಪಾಯಿ, ತಿಂಗಳಿಗೆ ಹೆಚ್ಚುಕಡಿಮೆ 1,290 ರೂಪಾಯಿ ಆಗುತ್ತದೆ. ಇಷ್ಟು ತಿನ್ನುವ ಪ್ರಾಣಿ ಅಷ್ಟೇ ಓಡಲೂ ಬೇಕು. ಬಾಗಲಕೋಟೆ ಸೀಮೆಯ ಮುಧೋಳ ನಾಯಿಯಂತೂ ಬಯಲಲ್ಲಿ ಬೇಟೆಯ ಹಿಂದೆ ಓಡಲೆಂದೇ ಬೆಳೆದ ತಳಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಆ ನಾಯಿಯನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇಟ್ಟುಕೊಂಡವರು ಅದಕ್ಕೆ ಹಾಸಿಗೆ ಕೊಟ್ಟಿದ್ದಾರೆ, ಓಟ ಕೊಟ್ಟಿಲ್ಲ.

ಮೂಗಿನಲ್ಲಿ ಮನುಷ್ಯರಿಗೆ 50–60 ಲಕ್ಷ ವಾಸನೆಯ ಗ್ರಾಹಿಗಳಿದ್ದರೆ ನಾಯಿಗೆ 20 ಕೋಟಿಗೂ ಹೆಚ್ಚು. ನಮ್ಮ ಕಿವಿಗೆ 20,000 ಹರ್ಟ್ಸ್ ಮೇಲಿನ ಸದ್ದು ಕೇಳುವುದಿಲ್ಲ, ನಾಯಿಗೆ 45,000ದವರೆಗೂ ಕೇಳುತ್ತದೆ. ಮಾಲ್‌ನ ಸ್ಪೀಕರು, ಕೆಫೆಯ ಮಿಕ್ಸಿ, ನೂರು ಜನರ ಸೆಂಟು ಇವೆಲ್ಲ ಅದಕ್ಕೆ ನಮಗಿಂತ ಬೇರೆಯದೇ ಅನುಭವ. ಪ್ರಾಮಿನಲ್ಲಿ ಕೂರಿಸಿ, ಅಂಗಿ ತೊಡಿಸಿ, ಶನಿವಾರ ಸಂಜೆ ಮಾಲ್‌ಗೆ ಕರೆದುಕೊಂಡು ಹೋದ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದನ್ನು ನಗು ಎಂದುಕೊಂಡು ಫೋಟೊ ತೆಗೆಯುತ್ತೇವೆ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಅದರ ಫ್ಯಾನು. ಸೆಖೆಗೂ ಹೆದರಿಕೆಗೂ ಅದು ಬಾಯಿ ತೆರೆಯುತ್ತದೆ.

ಹುಟ್ಟುಹಬ್ಬದ ಕೇಕಿನ ಲೆಕ್ಕವಂತೂ ಪ್ರತಿಯೊಬ್ಬ ಸಾಕುವವರಿಗೂ ಬಾಯಿಪಾಠವಾಗಿರಬೇಕು. ಚಾಕೊಲೇಟಿನ ಥಿಯೋಬ್ರೊಮಿನ್ ನಾಯಿಯ ತೂಕದ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ ಶುರು. 40–50 ದಾಟಿದರೆ ಹೃದಯಕ್ಕೆ ತೊಂದರೆ, 60ಕ್ಕೆ ಫಿಟ್ಸ್. 5 ಕಿಲೋದ ಪೊಮೆರೇನಿಯನ್‌ಗೆ ವಿಷವೇರಲು 50 ಗ್ರಾಂ ಮಿಲ್ಕ್ ಚಾಕೊಲೇಟ್ ಸಾಕು, ಬೇಕರಿಯವರು ಬಳಸುವ ಸಿಹಿಯಿಲ್ಲದ ಕಪ್ಪು ಚಾಕೊಲೇಟಾದರೆ 7 ಗ್ರಾಂ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಕೂಡ ಇದೇ ಸಾಲಿಗೆ ಸೇರುತ್ತವೆ. ಪಕ್ಕದ ಮೇಜಿನ ಮಗು ಕೈಚಾಚಿ ಕೊಟ್ಟ ಒಂದು ತುಂಡು ಬ್ರೌನಿ ಪ್ರೀತಿಯಿಂದ ಕೊಟ್ಟದ್ದೇ ಹೌದು, ನಾಯಿಯ ಯಕೃತ್ತಿಗೆ ಅದು ಗೊತ್ತಾಗುವುದಿಲ್ಲ.

ಇನ್ನು ಲಿಫ್ಟು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಅತಿ ಹೆಚ್ಚು ಬೆಂಕಿ ಹತ್ತುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಅಳೆಯೋಣ. ಭಾರತೀಯ ಮಾನಕದಲ್ಲಿ ಒಬ್ಬ ಮನುಷ್ಯನ ತೂಕ 68 ಕಿಲೋ. 8 ಜನರ ಲಿಫ್ಟು ಹೊರುವುದು 544 ಕಿಲೋ. ಅದರೊಳಗಿನ ನೆಲ 1,300 ಮಿಲಿಮೀಟರ್ ಅಗಲ, 1,100 ಮಿಲಿಮೀಟರ್ ಆಳ. ಮೂಲೆಯಿಂದ ಮೂಲೆಗೆ ಕರ್ಣ ಹಿಡಿದು ಅಳೆದರೂ 1.7 ಮೀಟರ್. ಅಂಗಡಿಯಲ್ಲಿ ಸಿಗುವ 6 ಅಡಿಯ ಮಾಮೂಲಿ ಚೈನು 1.83 ಮೀಟರ್ ಇದೆ. ಚೈನು ಲಿಫ್ಟಿಗಿಂತ ಉದ್ದ! ‘ಚೈನು ಹಾಕಿದೀವಲ್ಲ’ ಎಂಬ ಮಾತು ಪಾರ್ಕಿನಲ್ಲಿ ಸಮಾಧಾನದ್ದು, ಲಿಫ್ಟಿನಲ್ಲಿ ಅದಕ್ಕೆ ಅರ್ಥವೇ ಇಲ್ಲ. ಕೊರಳಪಟ್ಟಿಯ ಬುಡದಲ್ಲಿ, ಒಂದೂವರೆ ಅಡಿಗಿಂತ ಕಡಿಮೆ ಉಳಿಯುವಂತೆ ಹಿಡಿದರೆ ಮಾತ್ರ ಅಲ್ಲಿ ನಾಯಿ ಹಿಡಿತದಲ್ಲಿದೆ ಎನ್ನಬಹುದು. ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು ಒಂದು ಮೀಟರ್. ದೊಡ್ಡ ತಳಿಯ ನಾಯಿ ತಲೆ ಎತ್ತಿ ನಿಂತರೆ ಅದರ ಬಾಯಿ ಬರುವುದು ಮಗುವಿನ ಎದೆಗೆ, ಮುಖಕ್ಕೆ. ಆ ಮಗು ಅಮ್ಮನ ಹಿಂದೆ ಅವಿತುಕೊಂಡರೆ ಅದನ್ನು ಅಂಜುಬುರುಕ ಎನ್ನಬಾರದು, ಅದರ ಕಣ್ಣಳತೆ ಸರಿಯಾಗಿಯೇ ಇದೆ.

ಹಾಗಂತ ನಾಯಿಯನ್ನು ಲಿಫ್ಟಿನಿಂದ ಹೊರಗಿಡುವ ಅಧಿಕಾರ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕಿಲ್ಲ. 2015ರ ಫೆಬ್ರವರಿಯಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟ: ಲಿಫ್ಟು ಬೇಡ ಎನ್ನುವಂತಿಲ್ಲ, ಅದಕ್ಕಾಗಿ ಹೆಚ್ಚು ಹಣ ಕೇಳುವಂತಿಲ್ಲ. ಹದಿನಾಲ್ಕನೇ ಮಹಡಿಯ ಮುದಿ ನಾಯಿಯನ್ನು ಮೆಟ್ಟಿಲಿಳಿಸು ಎನ್ನುವುದು ಕ್ರೌರ್ಯವೇ ಸರಿ.

ಹಾಗಾದರೆ ಉಳಿದದ್ದು ಕಾಯುವುದು. ಅದರ ಬೆಲೆ ಎಷ್ಟು? 400 ಮನೆಗಳ ಸಮುಚ್ಚಯದಲ್ಲಿ 50 ನಾಯಿಗಳಿವೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ವಾಕಿಂಗ್, ಪ್ರತಿ ಸಲ ಇಳಿಯುವುದೊಂದು ಹತ್ತುವುದೊಂದು, ಒಟ್ಟು 200 ಲಿಫ್ಟ್ ಪಯಣ. ನಾಲ್ಕರಲ್ಲೊಂದು ಸಲ ಒಳಗೆ ಬೇರೆಯವರಿರುತ್ತಾರೆ ಎನ್ನೋಣ, ಅದು 50 ಸಲ. ಆಗೆಲ್ಲ ನಾಯಿಯವರು ‘ನೀವು ಹೋಗಿ, ನಾವು ಮುಂದಿನದರಲ್ಲಿ ಬರ್ತೀವಿ’ ಎಂದು ಒಂದೂವರೆ ನಿಮಿಷ ಕಾದರೆ ಒಟ್ಟು 75 ನಿಮಿಷ. 50 ಮನೆಗೆ ಹಂಚಿದರೆ ಮನೆಯೊಂದಕ್ಕೆ ದಿನಕ್ಕೆ ಒಂದೂವರೆ ನಿಮಿಷ. ವರ್ಷಗಟ್ಟಲೆ ಮಾತು ಬಿಟ್ಟ ನೆರೆಹೊರೆಯವರ ನಡುವೆ ಇರುವುದು ಇಷ್ಟೇ ಹೊತ್ತು. ಎರಡು ಲಿಫ್ಟಿರುವ ಕಟ್ಟಡದಲ್ಲಿ ಒಂದನ್ನು ಒಮ್ಮತದಿಂದ ನಾಯಿಯವರು ಬಳಸಿದರೆ ಅದೂ ಇಳಿಯುತ್ತದೆ.

ಈ ಲೆಕ್ಕದಲ್ಲಿ ಸೇರದೆ ಉಳಿಯುವವರು ಡೆಲಿವರಿ ಹುಡುಗರು, ಮನೆಗೆಲಸದವರು, ಸೆಕ್ಯುರಿಟಿಯವರು. ಅವರಿಗೆ ‘ನಾನು ಹತ್ತಲ್ಲ’ ಎನ್ನುವ ಸ್ವಾತಂತ್ರ್ಯವಿಲ್ಲ, ಗಡಿಯಾರ ಓಡುತ್ತಿರುತ್ತದೆ. ಕಚ್ಚಿಸಿಕೊಂಡರೆ ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7, 28ನೇ ದಿನ, ಒಟ್ಟು ನಾಲ್ಕು ಸಲ ಆಸ್ಪತ್ರೆಗೆ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ ಐದು ಸಲ. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇರೆ. ಕುದುರೆಯ ರಕ್ತದಿಂದ ತೆಗೆದದ್ದಾದರೆ ದೇಹತೂಕದ ಕಿಲೋಗೆ 40 ಯೂನಿಟ್, 60 ಕಿಲೋದವನಿಗೆ 2,400. ದಿನಕ್ಕೆ 700 ರೂಪಾಯಿ ದುಡಿಯುವವನಿಗೆ ನಾಲ್ಕು ಅರ್ಧ ದಿನ ಹೋದರೆ 1,400 ರೂಪಾಯಿ ಖೋತಾ, ಲಸಿಕೆ ಪುಕ್ಕಟೆ ಸಿಕ್ಕರೂ ಅಷ್ಟಂತೂ ಹೋಗಿಯೇ ಹೋಗುತ್ತದೆ. ಅದನ್ನು ಕೊಡಬೇಕಾದವರು ನಾಯಿಯ ಮನೆಯವರು. ಕಚ್ಚಿದ್ದು ಲಸಿಕೆ ಹಾಕಿಸಿದ ಸಾಕುನಾಯಿಯೇ ಆದರೂ ಚಿಕಿತ್ಸೆ ಶುರು ಮಾಡಿ, ನಾಯಿಯ ಮೇಲೆ 10 ದಿನ ಕಣ್ಣಿಡುವುದು ಕ್ರಮ. ಕರ್ನಾಟಕದಲ್ಲಿ 2024ರಲ್ಲಿ ಬೀದಿಯದೂ ಮನೆಯದೂ ಸೇರಿ ನಾಯಿ ಕಡಿತ ಸುಮಾರು 3.6 ಲಕ್ಷ, ರೇಬೀಸ್ ಸಾವು 42. 2025ರ ಮೊದಲ ಆರು ತಿಂಗಳಲ್ಲಿ ಕಡಿತ 2.31 ಲಕ್ಷ, ಸಾವು 19. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ಕಾನೂನಿನ ಅಂಕಿಗಳು ನೋಡಲು ನೋವಾಗುವಂಥವು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಇನ್ನೊಬ್ಬರಿಗೆ ಅಪಾಯ ತಂದರೆ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಈ ಮೊತ್ತ 1,000 ಇತ್ತು. ಅತ್ತ ನಾಯಿಯನ್ನು ಹೊಡೆದು ಹಿಂಸಿಸಿದವನಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷದ ಹಿಂದಿನ ಐವತ್ತು ರೂಪಾಯಿ ಇವತ್ತಿಗೂ ಐವತ್ತೇ.

ಹೇಲಿನ ಮಾತು ಆಡಲು ಮುಜುಗರ, ಆದರೆ ತೂಕ ಅಲ್ಲೇ ಇದೆ. ಸಣ್ಣದು ದೊಡ್ಡದು ಸೇರಿಸಿ ಸರಾಸರಿ ನಾಯಿಗೆ ದಿನಕ್ಕೆ 200 ಗ್ರಾಂ ಎಂದು ಕಡಿಮೆಯೇ ಹಿಡಿಯೋಣ. ಆ 50 ನಾಯಿಗಳಿಂದ ದಿನಕ್ಕೆ 10 ಕಿಲೋ, ವರ್ಷಕ್ಕೆ 3,650 ಕಿಲೋ. ಐವರಲ್ಲಿ ನಾಲ್ವರು ಎತ್ತುತ್ತಾರೆ ಎಂದುಕೊಂಡರೂ ವರ್ಷಕ್ಕೆ 730 ಕಿಲೋ ಮಕ್ಕಳಾಡುವ ಹುಲ್ಲಿನಲ್ಲಿ, ಫುಟ್‌ಪಾತಿನಲ್ಲಿ ಉಳಿಯುತ್ತದೆ. ‘ಅದು ಗೊಬ್ಬರ ಆಗುತ್ತೆ ಬಿಡಿ’ ಎನ್ನುವವರಿದ್ದಾರೆ. ಹಸುವಿನ ಸಗಣಿಗೂ ಮಾಂಸ ತಿನ್ನುವ ನಾಯಿಯ ಹೇಲಿಗೂ ಹೋಲಿಕೆ ಸಲ್ಲದು. ನಾಯಿಯ ಹೊಟ್ಟೆಯ ದುಂಡುಹುಳು ಒಂದೊಂದೂ ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಹಾಕಬಲ್ಲದು, ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಅವುಗಳಿಂದ ಹೊರಬಂದ ಮರಿಹುಳುಗಳು ಮಣ್ಣು ಮುಟ್ಟಿದ ಕೈ ಬಾಯಿಗಿಡುವ ಮಗುವಿನ ಕಣ್ಣಿಗೂ ಹೋಗಬಲ್ಲವು. ಒಳ್ಳೆಯ ಸುದ್ದಿಯೂ ಇದೆ. ಹೊಟ್ಟೆಯಿಂದ ಹೊರಬಿದ್ದ ಮೊಟ್ಟೆ ರೋಗ ತರುವ ಹಂತಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಅದೇ ದಿನ ಎತ್ತಿಬಿಟ್ಟರೆ ಅಪಾಯವೂ ಎತ್ತಿದಂತೆ. ವರ್ಷಕ್ಕೆ ನಾಲ್ಕು ಸಲ ಜಂತುಹುಳುವಿನ ಮಾತ್ರೆ ಕೊಟ್ಟರೆ ಮೊಟ್ಟೆಗಳೇ ಬಹುಮಟ್ಟಿಗೆ ಇರುವುದಿಲ್ಲ.

ಎತ್ತುವ ಖರ್ಚು: ಒಂದು ಚೀಲಕ್ಕೆ 2 ರೂಪಾಯಿ ಎಂದರೆ ದಿನಕ್ಕೆ ಎರಡು ಚೀಲ, ಮನೆಯೊಂದಕ್ಕೆ ತಿಂಗಳಿಗೆ 120 ರೂಪಾಯಿ. ಹಳೇ ಪತ್ರಿಕೆಯ ಹಾಳೆಯಾದರೆ ಅದೂ ಇಲ್ಲ.

ಸರ್ಕಾರ ಈ ವಿಷಯಕ್ಕೆ ಕೈಹಾಕಿದಾಗಲೆಲ್ಲ ಅಳತೆಯ ಬದಲು ನಿಷೇಧ ಹಿಡಿದುಕೊಂಡು ಹೊರಟು ವಾಪಸು ಬಂದಿದೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು, ಲೈಸೆನ್ಸಿಗೆ 110 ರೂಪಾಯಿ ಎಂದಿತು, ಗದ್ದಲವೆದ್ದು ಹಿಂದೆ ಸರಿಯಿತು. 2022ರಲ್ಲಿ ತೋಟಗಾರಿಕೆ ಇಲಾಖೆ ಜುಲೈ 1ರಿಂದ ಕಬ್ಬನ್ ಪಾರ್ಕಿಗೆ ನಾಯಿಗಳೇ ಬೇಡ ಎಂದು ಹೊರಟು ಪ್ರತಿಭಟನೆಯ ಮುಂದೆ ನಿಂತುಹೋಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು ನಿಷೇಧಿಸಲು ಹೇಳಿದ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿತು. ಹೀಗೆ ಎಷ್ಟು ನಾಯಿ ಎಂಬ ಜಗಳದಲ್ಲಿ ಲೈಸೆನ್ಸೆಂಬ ಒಳ್ಳೆಯ ವಿಚಾರವೂ ಮುಳುಗಿತು. ಬರ್ಲಿನ್ನಿನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೊ ತೆರಿಗೆ, ಎರಡನೆಯದಕ್ಕೆ 180. ನಮ್ಮ ಹಣದಲ್ಲಿ ಮೊದಲನೆಯದೇ ಹತ್ತು ಸಾವಿರ ದಾಟುತ್ತದೆ. ನಾವು ಕೇಳಿ ಬಿಟ್ಟದ್ದು 110 ರೂಪಾಯಿ. ಬೆಂಗಳೂರಿನ ಬೀದಿನಾಯಿಗಳು 2023ರ ಸಮೀಕ್ಷೆಯಂತೆ 2,79,335, ಅವುಗಳಲ್ಲಿ ಸಂತಾನಹರಣವಾದವು ಶೇ 71.85. ಮನೆಯಿಲ್ಲದ ನಾಯಿಯ ಲೆಕ್ಕವನ್ನು ಬಿಡಿಬಿಡಿಯಾಗಿ ಬರೆದಿಟ್ಟ ಊರು ಮನೆಯಿರುವ ನಾಯಿಯದನ್ನೂ ಬರೆದಿಡಬಲ್ಲದು: ಲಸಿಕೆಯ ತಾರೀಖು, ಮಾತ್ರೆಯ ತಾರೀಖು, ಮನೆಯವರ ಫೋನ್ ನಂಬರು. ಎಷ್ಟು ನಾಯಿ, ಯಾವ ತಳಿ ಎಂಬುದಕ್ಕಿಂತ ಈ ಮೂರು ಸಾಲು ಮುಖ್ಯ.

ಪ್ರತಿ ವರ್ಷ ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನದ ಆಸುಪಾಸು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತಾರೆ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲನೆಯದು, ಆಮೇಲೆ ವರ್ಷಕ್ಕೊಂದು. ಅಲ್ಲಿ ಕೊಡುವ ಚೀಟಿಯ ಒಂದು ಪ್ರತಿಯನ್ನು ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಲಿಫ್ಟಿನಲ್ಲಿ ಜೊತೆಗೆ ನಿಲ್ಲುವವರಿಗೆ ‘ಏನೂ ಮಾಡಲ್ಲ ಬನ್ನಿ’ ಎಂಬ ಮಾತಿಗಿಂತ ಅದು ಹೆಚ್ಚು ಧೈರ್ಯ ಕೊಡುತ್ತದೆ.